ಎಂಬತ್ತು ದಿನದ ಬ್ಯಾಕಪ್ ಎಲ್ಲಿ ಹೋಗಿತ್ತು

ಮಾಷ್ಟ್ರು ಪ್ರತಿ ಬುಧವಾರ ನಮ್ಮ ಅಂಗಡಿಗೆ ಬರುತ್ತಾರೆ. ಹೆಗಲಿಗೆ ಬಟ್ಟೆ ಚೀಲ, ಚೀಲದೊಳಗೆ ಪ್ಲಾಸ್ಟಿಕ್ ಕವರ್, ಕವರ್‌ನೊಳಗೆ ಆ ವಾರ ಬರೆದ ಹಾಳೆಗಳು. ತುಮರಿ ಕಡೆಯವರು. ಮೊದಲೆಲ್ಲ ಕಳಸವಳ್ಳಿಯಲ್ಲಿ ಲಾಂಚ್ ಕಾದು ಶರಾವತಿ ಹಿನ್ನೀರು ದಾಟಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಬಸ್ಸಿನಲ್ಲೇ ಸೀದಾ ಸಾಗರಕ್ಕೆ ಬರುತ್ತಾರೆ.

ಅವರು ಬರೆಯುತ್ತಿರುವುದು ಮುಳುಗಿದ ಊರಿನ ಬಗ್ಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗ. ಮನೆ, ಗದ್ದೆ, ತೋಟ ಎಲ್ಲಾ ನೀರಿಗೆ ಹೋಯಿತು. ಯಾವ ಮನೆಯ ಪಕ್ಕ ಯಾವ ಮನೆ ಇತ್ತು, ಯಾರ ಬಾವಿ ನೀರು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಯಾವ ಮರದ ಹಲಸಿನಕಾಯಿ ಹಪ್ಪಳಕ್ಕೆ ಒಳ್ಳೆಯದು, ಇಂಥದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ಬರೆಯುತ್ತಾರೆ. ನಾನು ಟೈಪ್ ಮಾಡುತ್ತೇನೆ. ಹಾಳೆ ವಾಪಸ್ ಒಯ್ಯುತ್ತಾರೆ, ಆದರೆ ಪ್ರೂಫ್ ನೋಡುವಾಗ ಇಲ್ಲೇ ಕೂತು ಬಾಯಲ್ಲಿ ಹೇಳಿ ಸೇರಿಸುವುದೇ ಜಾಸ್ತಿ. ಹಾಗೆ ಸೇರಿಸಿದ್ದು ಯಾವ ಹಾಳೆಯಲ್ಲೂ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇದೆ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ ಮುಂದೆ ಬರುವುದೆಲ್ಲ ಡಿಸ್ಕು, ಫೋಲ್ಡರು, ಕಮಾಂಡುಗಳ ಮಾತು. ಆ ಡಿಸ್ಕಿನಲ್ಲಿ ಏನಿತ್ತು ಅನ್ನೋದು ಗೊತ್ತಿರಲಿ.

ನನ್ನದು ಸಣ್ಣ ಡಿಟಿಪಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮದುವೆ ಕಾಗದ, ಸಂಘದ ರಸೀದಿ ಪುಸ್ತಕ, ಯಕ್ಷಗಾನದ ಕರಪತ್ರ, ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದರೆ ತಿಂಗಳುಗಟ್ಟಲೆ ಅದರದ್ದೇ ಕೆಲಸ. ಮುಖ್ಯ ಮಷಿನ್‌ನಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದೇನೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಸಿಸ್ಟಂ ಇದು, ಹೆಂಡತಿಯಾಗಲಿದ್ದ ಡೆಬ್ರಾ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಡೆಬಿಯನ್ ಎಂದು ಕರೆದರು. ನನಗೆ ಇದು ಇಷ್ಟವಾದ ಕಾರಣ ಬೇರೆ. ಗುಬ್ಬಿ, ನವಿಲು ಅನ್ನುವ ಕನ್ನಡ ಅಕ್ಷರಶೈಲಿಗಳು ಇದರ ಭಂಡಾರದಲ್ಲೇ ಇವೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಹಳೇ ಮಷಿನ್ ಮೇಲೂ ಉಸಿರುಕಟ್ಟದೆ ಓಡುತ್ತದೆ. ಕೆಟ್ಟರೆ ಏನು ಕೆಟ್ಟಿತು ಅಂತ ಬಾಯಿಬಿಟ್ಟು ಹೇಳುತ್ತದೆ. ಕೇಳುವ ತಾಳ್ಮೆ ನಮಗಿರಬೇಕು ಅಷ್ಟೆ.

2025ರ ಆಗಸ್ಟ್ 9ಕ್ಕೆ ಡೆಬಿಯನ್ 13 ಬಂತು. ಹೆಸರು ಟ್ರಿಕ್ಸಿ. ನನ್ನಲ್ಲಿದ್ದದ್ದು ಅದರ ಹಿಂದಿನ 12, ಬುಕ್‌ವರ್ಮ್. ಆಗಸ್ಟ್ ಕೊನೆಯಲ್ಲಿ ಗೌರಿ, ಚೌತಿ. ಆಗ ಮಷಿನ್ ಮುಟ್ಟುವ ಮಾತೇ ಇಲ್ಲ. ಗಣಪತಿ ಕೆಲಸವೆಲ್ಲ ಕಳೆದು ಸೆಪ್ಟೆಂಬರ್ 7, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಅವತ್ತು ರಾತ್ರಿ ಖಗ್ರಾಸ ಚಂದ್ರಗ್ರಹಣ. "ಇವತ್ತೇ ಆಗ್ಬೇಕಾ ಅದು?" ಅಂದರು ಅತ್ತೆ. ಅಂಗಡಿಗೆ ರಜೆ ಇರುವುದು ಭಾನುವಾರ ಒಂದೇ ದಿನ, ಇವತ್ತೇ ಆಗಬೇಕು ಅಂದೆ.

ಹೊಸ ಆವೃತ್ತಿಗೆ ಹೋಗುವ ಕ್ರಮ ನನಗೆ ಗೊತ್ತು. ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್ ಕಟ್ಟು, ಎಲ್ಲಿಂದ ತರಬೇಕು ಅನ್ನುವ ಪಟ್ಟಿಯಲ್ಲಿ ಬುಕ್‌ವರ್ಮ್ ಇದ್ದಲ್ಲಿ ಟ್ರಿಕ್ಸಿ ಅಂತ ಬದಲಿಸಬೇಕು. ಆಮೇಲೆ ಪ್ಯಾಕೇಜ್ ತಂದು ಹಾಕುವ ಆಪ್ಟ್ ಅನ್ನುವ ಕಮಾಂಡಿಗೆ ಅಪ್‌ಡೇಟ್ ಹೇಳಬೇಕು. ಆಮೇಲೆ ಎರಡು ಹಂತ: ಮೊದಲು ಹೊಸ ಪ್ಯಾಕೇಜ್ ಯಾವುದನ್ನೂ ಸೇರಿಸದೆ ಇರುವುದನ್ನಷ್ಟೇ ಮೇಲೇರಿಸುವುದು, ನಂತರ ಫುಲ್ ಅಪ್‌ಗ್ರೇಡ್. ಶುರು ಮಾಡುವ ಮೊದಲು ಬ್ಯಾಕಪ್ ಆಗಿದೆಯಾ ಅಂತ ಲಾಗ್ ನೋಡಿದೆ. ಪ್ರತಿದಿನ ಮಧ್ಯಾಹ್ನ ಒಂದೂವರೆಗೆ, ಅಂಗಡಿ ಬಾಗಿಲು ಹಾಕಿ ಊಟಕ್ಕೆ ಹೋದಾಗ, ಆರ್‌ಸಿಂಕ್ ಅನ್ನುವ ನಕಲು ಮಾಡುವ ಪ್ರೋಗ್ರಾಂ ತಾನಾಗಿ ಓಡುವ ಹಾಗೆ ಇಟ್ಟಿದ್ದೇನೆ. ನನ್ನ ಫೈಲ್‌ಗಳನ್ನೆಲ್ಲ ಹೊರಗಿನ ಒಂದು ಟಿಬಿ ಡಿಸ್ಕಿಗೆ ನಕಲು ಮಾಡಿ ಲಾಗ್‌ನಲ್ಲಿ "ಮುಗಿಯಿತು" ಎಂದು ಒಂದು ಸಾಲು ಬರೆಯುತ್ತದೆ. ಅವತ್ತೂ ಬರೆದಿತ್ತು. ಹಿಂದಿನ ದಿನವೂ ಬರೆದಿತ್ತು. ಸಮಾಧಾನವಾಗಿ ಎಂಟರ್ ಒತ್ತಿದೆ.

ಪ್ಯಾಕೇಜ್‌ಗಳು ಇಳಿದವು. ಬಿಚ್ಚಿಕೊಳ್ಳಲು ಶುರುವಾದವು. ಒಂದು ಗಂಟೆ ಕಳೆಯುವ ಹೊತ್ತಿಗೆ ಸಾಲುಗಳು ದಡಬಡ ಮೇಲೆ ಓಡಿ ನಿಂತವು. ಕೊನೆಯ ಪರದೆಯಲ್ಲಿ ಕಂಡದ್ದು ತಪ್ಪಾದ ಪ್ಯಾಕೇಜ್‌ಗಳ ಉದ್ದ ಪಟ್ಟಿ ಮಾತ್ರ. ಕಾರಣ ಅದಕ್ಕಿಂತ ಮೇಲೆ ಎಲ್ಲೋ ಇತ್ತು. ನಾನು ಮೇಲೆ ಹೋಗಿ ಓದಲಿಲ್ಲ. ಅದೇ ಹೊತ್ತಿಗೆ ಬ್ರೌಸರ್ ಕೂಡ ಏನೂ ತೆರೆಯುತ್ತಿರಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ನಮ್ಮಲ್ಲಿ ಮಳೆ ಬಂದರೆ ನೆಟ್ ಹೋಗುವುದು ಮಾಮೂಲು ಅಲ್ವಾ, ನೆಟ್ಟಿನದ್ದೇ ತೊಂದರೆ ಅಂದುಕೊಂಡೆ. ವೆಬ್‌ಸೈಟ್ ಹೆಸರಿಗೆ ಅಡ್ರೆಸ್ ಹುಡುಕಿ ಕೊಡುವ ಸರ್ವರ್ ಬದಲಿಸಿ ನೋಡೋಣ ಅಂತ ರಿಸಾಲ್ವ್ ಕಾನ್ಫ್ ಫೈಲ್ ತೆಗೆದು ನಂಬರ್ ತಿದ್ದಿ ಸೇವ್ ಮಾಡಿದೆ. ಬರೆಯಲು ಆಗಲಿಲ್ಲ ಎಂದು ಕೆಳಗೆ ಒಂದು ಸಾಲು ಬಂತು. ಅದನ್ನೂ ಪೂರ್ತಿ ಓದದೆ ಮುಚ್ಚಿದೆ.

ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಐದಾರು ನಿಮಿಷ ತಡೆಯುತ್ತದೆ. ಅರ್ಧ ಬಿಚ್ಚಿದ ಸಿಸ್ಟಂ ಅನ್ನು ಹಾಗೇ ಶಟ್‌ಡೌನ್ ಮಾಡಬೇಕಾಯಿತು.

ಕರೆಂಟ್ ಬಂದಾಗ ಏಳೂವರೆ. ಮಷಿನ್ ಎದ್ದಿತು, ಆದರೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ ಲಾಗಿನ್ ಕೇಳಿತು. ಚಿತ್ರ, ಮೌಸ್ ಯಾವುದೂ ಇಲ್ಲ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಮೊದಲು ಮಾಷ್ಟ್ರ ಫೋಲ್ಡರ್ ನೋಡಿದೆ. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಫೈಲ್ ಹೆಸರುಗಳ ಜಾಗದಲ್ಲಿ ಸಾಲು ಸಾಲು ಚೌಕಗಳು.

ಅರ್ಧ ನಿಮಿಷ ಬೇಕಾಯಿತು ನನಗೆ ನೆನಪಾಗಲು. ಈ ಕಪ್ಪು ಪರದೆಗೆ ಕನ್ನಡ ಬರುವುದಿಲ್ಲ. ನಮ್ಮ ಒತ್ತಕ್ಷರ, ಗುಣಿತ ಇವನ್ನು ಜೋಡಿಸಿ ತೋರಿಸುವ ಶಕ್ತಿ ಅದಕ್ಕಿಲ್ಲ. ಫೈಲ್ ಸರಿಯಾಗಿಯೇ ಇರುತ್ತದೆ, ಹೆಸರೂ ಸರಿಯಾಗಿಯೇ ಇರುತ್ತದೆ, ಓದಿ ಹೇಳಲು ಮಾತ್ರ ಬರುವುದಿಲ್ಲ. ನಾನು ಎಲ್ಲಾ ಫೈಲ್‌ಗೂ ಕನ್ನಡದಲ್ಲೇ ಹೆಸರಿಡುವವಳು. ಈಗಲೂ ಹಾಗೇ ಇಡುತ್ತೇನೆ. ಆದರೆ ಅವತ್ತು ಯಾವ ಅಧ್ಯಾಯ ಯಾವುದು ಅಂತ ತಾರೀಕು, ಗಾತ್ರ ನೋಡಿ ಗುರುತು ಹಿಡಿಯಬೇಕಾಯಿತು. ಬುಧವಾರದ ತಾರೀಕುಗಳೇ ಕಂಡವು. ಸೆಪ್ಟೆಂಬರ್ 3, ಆಗಸ್ಟ್ 20, ಆಗಸ್ಟ್ 13, ಆಗಸ್ಟ್ 6. ಚೌತಿ ಇದ್ದ ವಾರ ಮಾಷ್ಟ್ರು ಬಂದಿರಲಿಲ್ಲ, ಆ ತಾರೀಕೂ ಇರಲಿಲ್ಲ. ಜೀವ ಬಂತು.

ಇನ್ನು ಮೇಲೆ ಒಂದೊಂದೇ ಸಾಲು ಓದುವುದು, ಓದದೆ ಏನನ್ನೂ ಒತ್ತುವುದಿಲ್ಲ ಅಂತ ತೀರ್ಮಾನ ಮಾಡಿದೆ. ಆಪ್ಟ್‌ನ ಹಳೇ ಲಾಗ್ ತೆಗೆದು ಮೊದಲ ತಪ್ಪು ಎಲ್ಲಿ ಬಂತು ಅಂತ ಹುಡುಕಿದೆ. ಸ್ಪಷ್ಟವಾಗಿ ಬರೆದಿತ್ತು: ಡಿಸ್ಕಿನಲ್ಲಿ ಜಾಗ ಉಳಿದಿಲ್ಲ.

ನಂಬಿಕೆ ಬರಲಿಲ್ಲ. ಮಷಿನ್ ಒಳಗಿನ ಡಿಸ್ಕ್, ಅಂದರೆ ಎಸ್‌ಎಸ್‌ಡಿ, 240 ಜಿಬಿಯದು, ಸಿಸ್ಟಂ ಲೆಕ್ಕದಲ್ಲಿ 223. ನನ್ನ ಫೈಲ್‌ಗಳು 97, ಸಿಸ್ಟಂ 20ರ ಹತ್ತಿರ. ಅರ್ಧದಷ್ಟು ಖಾಲಿ ಇರಬೇಕು. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ ಹಾಕಿದೆ. ನೂರಕ್ಕೆ ನೂರು ತುಂಬಿದೆ ಅಂತು.

ಮಳೆಗಾಲದಲ್ಲಿ ನಮ್ಮೂರಲ್ಲಿ ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡುವುದು ಲಿಂಗನಮಕ್ಕಿ ಎಷ್ಟಕ್ಕೆ ಬಂತು ಅಂತ. 1,819 ಅಡಿ ತುಂಬಿದರೆ ಗೇಟ್ ತೆಗೆಯುತ್ತಾರೆ ಅನ್ನೋದು ಸಣ್ಣ ಮಕ್ಕಳಿಗೂ ಗೊತ್ತು. ಅಷ್ಟು ದೂರದ ನೀರಿನ ಮಟ್ಟ ದಿನಾ ನೋಡುವ ನಾನು ಕೈಯಳತೆಯಲ್ಲಿದ್ದ ಡಿಸ್ಕಿನ ಮಟ್ಟ ಮೂರು ತಿಂಗಳಿಂದ ನೋಡಿರಲಿಲ್ಲ.

ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಅಂತ ಡಿಯು ಕಮಾಂಡ್‌ನಿಂದ ಅಳೆದೆ. ಅದಕ್ಕೆ ಎಕ್ಸ್ ಅನ್ನುವ ಆಯ್ಕೆ ಸೇರಿಸಿದರೆ ಬೇರೆ ಡಿಸ್ಕುಗಳಿಗೆ ಹೋಗದೆ ಇದೊಂದನ್ನೇ ಅಳೆಯುತ್ತದೆ. ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ನನ್ನ ಫೈಲ್‌ಗಳ ಜಾಗ 97 ಜಿಬಿ. ಎಂಎನ್‌ಟಿ ಅನ್ನುವ ಜಾಗ, ಅದೂ ಹತ್ತಿರ ಹತ್ತಿರ 97 ಜಿಬಿ. ಎಂಎನ್‌ಟಿ ಒಳಗಿದ್ದದ್ದು ಒಂದೇ ಫೋಲ್ಡರ್, ಅದರ ಹೆಸರು ಬ್ಯಾಕಪ್.

ಹೊರಗಿನ ಡಿಸ್ಕಿನ ವೈರ್ ಚುಚ್ಚಿದರೆ ಸಾಲದು, ಅದನ್ನು ಒಂದು ಫೋಲ್ಡರ್‌ಗೆ ಜೋಡಿಸಬೇಕು. ಈ ಫೋಲ್ಡರ್‌ಗೆ ಅದು ಜೋಡಣೆಯಾಗಿರಬೇಕಿತ್ತು. ಫೈಂಡ್‌ಎಂಎನ್‌ಟಿ ಹಾಕಿ ಕೇಳಿದೆ, ಅಲ್ಲಿ ಏನು ಜೋಡಣೆಯಾಗಿದೆ ಅಂತ. ಏನೂ ಉತ್ತರ ಬರಲಿಲ್ಲ. ಏನೂ ಜೋಡಣೆಯಾಗಿರಲಿಲ್ಲ. ಮಷಿನ್‌ನ ಒಳಗಿನ ಡಿಸ್ಕಿನಲ್ಲೇ ಇರುವ ಮಾಮೂಲಿ ಫೋಲ್ಡರ್ ಅದು. ನನ್ನ ಆರ್‌ಸಿಂಕ್ ದಿನಾ ಮಧ್ಯಾಹ್ನ ನನ್ನ ಫೈಲ್‌ಗಳನ್ನು ಅದೇ ಡಿಸ್ಕಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಕಲು ಮಾಡಿ "ಮುಗಿಯಿತು" ಅಂತ ಬರೆಯುತ್ತಿತ್ತು.

ಆಮೇಲೆ ಜೂನ್ ತಿಂಗಳು ನೆನಪಾಯಿತು. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಂಜೆ ಸಿಡಿಲು, ಕರೆಂಟ್ ಹತ್ತು ಸಲ ಹೋಗಿ ಬಂದು ಹೊರಗಿನ ಡಿಸ್ಕ್ ಕೆಟ್ಟಿತ್ತು. ಓದಲೇ ಆಗುತ್ತಿರಲಿಲ್ಲ. ಡಿಸ್ಕ್ ಗಟ್ಟಿ ಇದೆ ಅಂತ ಪರೀಕ್ಷೆ ಮಾಡಿಕೊಂಡು, ಹೊಸದಾಗಿ ಫಾರ್ಮ್ಯಾಟ್ ಮಾಡಿ, ಕೈಯಾರೆ ಒಂದು ಸಲ ಪೂರ್ತಿ ನಕಲು ಮಾಡಿದ್ದೆ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನ ಯುಯುಐಡಿ ಬದಲಾಗುತ್ತದೆ. ಅದು ಡಿಸ್ಕಿನ ಗುರುತಿನ ಸಂಖ್ಯೆ ಇದ್ದ ಹಾಗೆ. ಮಷಿನ್ ಎದ್ದಾಗ ಯಾವ ಡಿಸ್ಕನ್ನು ಎಲ್ಲಿಗೆ ಜೋಡಿಸಬೇಕು ಅನ್ನುವುದು ಎಫ್‌ಎಸ್‌ಟ್ಯಾಬ್ ಅನ್ನುವ ಫೈಲ್‌ನಲ್ಲಿ ಆ ಸಂಖ್ಯೆಯ ಲೆಕ್ಕದಲ್ಲೇ ಇರುತ್ತದೆ. ನಾನು ಹೊಸ ಸಂಖ್ಯೆಯನ್ನು ಅಲ್ಲಿ ಬರೆಯಲಿಲ್ಲ. ಮಷಿನ್ ಹಳೇ ಸಂಖ್ಯೆಯ ಡಿಸ್ಕನ್ನೇ ಹುಡುಕುತ್ತಿತ್ತು. ಆ ಸಂಖ್ಯೆಯ ಡಿಸ್ಕ್ ಈಗ ಇಲ್ಲವೇ ಇಲ್ಲ.

ಸಿಗದಿದ್ದರೆ ಹೇಳಬೇಕಿತ್ತಲ್ಲ ಅನ್ನಬಹುದು. ಹೇಳುತ್ತಿತ್ತು. ಮಾಮೂಲಾಗಿ ಅಂಥ ಡಿಸ್ಕ್ ಸಿಗದಿದ್ದರೆ ಡೆಬಿಯನ್ ಒಂದೂವರೆ ನಿಮಿಷ ಕಾದು, ಮುಂದೆ ಹೋಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ಗುಡುಗು ಬಂದಾಗಲೆಲ್ಲ ನಾವು ಎಲ್ಲಾ ಪ್ಲಗ್ ಎಳೆದು ಇಡುವವರು. ಡಿಸ್ಕಿನ ವೈರ್ ಮತ್ತೆ ಹಾಕಲು ಮರೆತರೆ ಮರುದಿನ ಬೆಳಿಗ್ಗೆ ಮಷಿನ್ ಏಳುತ್ತಿರಲಿಲ್ಲ, ಗಿರಾಕಿಗಳು ಕಾಯುತ್ತಿದ್ದರು. ಅದಕ್ಕೇ ಎರಡು ವರ್ಷದ ಹಿಂದೆ ನಾನೇ ಆ ಸಾಲಿಗೆ ನೋಫೇಲ್ ಅಂತ ಸೇರಿಸಿದ್ದೆ. ಡಿಸ್ಕ್ ಸಿಗದಿದ್ದರೂ ಪರವಾಗಿಲ್ಲ, ಸುಮ್ನೆ ಮುಂದೆ ಹೋಗು ಅಂತ ಅದರ ಅರ್ಥ. ಅದು ಹೇಳಿದ ಹಾಗೇ ಸುಮ್ಮನೆ ಮುಂದೆ ಹೋಯಿತು. ಸುಮಾರು ಎಂಬತ್ತು ದಿನ.

ಅಂದರೆ ಜೂನ್ ನಂತರ ಟೈಪ್ ಮಾಡಿದ ಯಾವುದಕ್ಕೂ ಬೇರೆ ನಕಲು ಇರಲಿಲ್ಲ. ಮಾಷ್ಟ್ರ ಐದು, ಆರು, ಏಳನೇ ಅಧ್ಯಾಯ ಇದ್ದದ್ದು ಈ ಒಂದು ಎಸ್‌ಎಸ್‌ಡಿಯಲ್ಲಿ. ಅದೂ ತುಂಬಿ ತುಳುಕುವ, ಅರ್ಧ ಬಿಚ್ಚಿದ ಸಿಸ್ಟಂ ಜೊತೆ.

ಸಿಸ್ಟಂ ಹಾಗಿರಲಿ, ಮೊದಲು ಫೈಲ್ ಅಂದುಕೊಂಡೆ. ಹೊರಗಿನ ಡಿಸ್ಕ್ ಚುಚ್ಚಿ, ಎಲ್‌ಎಸ್‌ಬಿಎಲ್‌ಕೆ ಹಾಕಿ ಅದರ ಈಗಿನ ಸಂಖ್ಯೆ ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡೆ. ಅದರ ಕೆಳಗೆ ಎಫ್‌ಎಸ್‌ಟ್ಯಾಬ್‌ನ ಹಳೇ ಸಂಖ್ಯೆ ಬರೆದೆ. ಮೊದಲ ಅಕ್ಷರದಿಂದಲೇ ಬೇರೆ ಬೇರೆ. ಡಿಸ್ಕ್ ಜೋಡಿಸಲು ಹೊಸ ಫೋಲ್ಡರ್ ಮಾಡಹೋದರೆ ಅದಕ್ಕೂ ಜಾಗ ಇಲ್ಲ ಅಂತು. ಎಸ್‌ಆರ್‌ವಿ ಅನ್ನುವ ಫೋಲ್ಡರ್ ಮೊದಲಿಂದಲೂ ಖಾಲಿ ಇರುತ್ತದೆ, ಅಲ್ಲಿಗೇ ಜೋಡಿಸಿದೆ. ಒಳಗೆ ಜೂನ್ ತಿಂಗಳ ನಕಲು ಹಾಗೇ ಇತ್ತು.

ಆರ್‌ಸಿಂಕ್‌ನ ಒಳ್ಳೆಯ ಗುಣ ಏನೆಂದರೆ, ಇರುವುದನ್ನು ಮತ್ತೆ ಒಯ್ಯುವುದಿಲ್ಲ, ಬದಲಾದದ್ದನ್ನು ಮಾತ್ರ ಒಯ್ಯುತ್ತದೆ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಇದನ್ನು ಹೊರತಂದರು. ಆ ರಾತ್ರಿ ಅವರಿಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದೆ. ಮೊದಲು ಎನ್ ಆಯ್ಕೆ ಕೊಟ್ಟು ಒಣ ಓಟ ಓಡಿಸಿದೆ. ಏನು ಮಾಡುತ್ತೇನೆ ಅಂತ ಹೇಳುತ್ತದೆ, ಮಾಡುವುದಿಲ್ಲ. ಪಟ್ಟಿ ಸರಿ ಕಂಡಿತು. ಅಳಿಸುವ ಆಯ್ಕೆಯನ್ನು ತೆಗೆದುಹಾಕಿ ನಿಜವಾಗಿ ಓಡಿಸಿದೆ. 13 ಜಿಬಿ ಹೊಸತು. ಅದು ಮುಗಿದ ಮೇಲೆ ಸಿ ಆಯ್ಕೆ ಹಾಕಿ ಇನ್ನೊಂದು ಒಣ ಓಟ. ಇದರಲ್ಲಿ ತಾರೀಕು, ಗಾತ್ರ ನೋಡಿ ಬಿಡುವುದಿಲ್ಲ. ಎರಡೂ ಕಡೆಯ ಪ್ರತಿ ಫೈಲನ್ನೂ ಪೂರ್ತಿ ಓದಿ ಹೋಲಿಸುತ್ತದೆ. ಅರ್ಧ ಗಂಟೆಗೂ ಜಾಸ್ತಿ ಹಿಡಿಯಿತು. ಹೆಸರು ಓದಲಾಗದ ಆ ಚೌಕಗಳ ಪರದೆಯಲ್ಲಿ ನನಗೆ ಧೈರ್ಯ ಕೊಟ್ಟದ್ದು ಇದೇ. ಕೊನೆಗೆ ವ್ಯತ್ಯಾಸ ಒಂದೂ ತೋರಿಸಲಿಲ್ಲ.

ಆಮೇಲೆ ಆ ಸುಳ್ಳು ಬ್ಯಾಕಪ್ ಅಳಿಸುವ ಕೆಲಸ. ಅದಕ್ಕೆ ಮೊದಲು ಹೊರಗಿನ ಡಿಸ್ಕನ್ನು ಕ್ರಮವಾಗಿ ಬಿಡಿಸಿ, ವೈರ್ ಎಳೆದು, ಟೇಬಲ್ಲಿನ ಡ್ರಾಯರ್ ಒಳಗೆ ಇಟ್ಟೆ. ಅಳಿಸುವ ಕಮಾಂಡ್‌ನಲ್ಲಿ ಏನಾದರೂ ಕೈತಪ್ಪಿದರೆ ಅದಕ್ಕೆ ತಾಗಬಾರದು. ಸಾಲು ಮೂರು ಸಲ ಓದಿ ಎಂಟರ್ ಒತ್ತಿದೆ. 97 ಜಿಬಿ ಖಾಲಿಯಾಯಿತು.

ಇಲ್ಲಿ ಒಂದು ಮಾತು. ಡಿಸ್ಕ್ ತುಂಬಿದರೆ ಆಪ್ಟ್ ಕ್ಲೀನ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಬೆರಳೂ ಅಲ್ಲಿಗೇ ಹೋಗಿತ್ತು. ಬೇರೆ ದಿನ ಅದು ಒಳ್ಳೆಯ ಸಲಹೆ. ಆದರೆ ಅದು ಅಳಿಸುವುದು ಇಳಿಸಿಕೊಂಡ ಪ್ಯಾಕೇಜ್ ಫೈಲ್‌ಗಳನ್ನು. ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ ಉಳಿದರ್ಧ ಮುಗಿಸಲು ಬೇಕಾದದ್ದು ಅವೇ. ನೆಟ್ ಇದೆಯೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ಅವನ್ನು ಎಸೆದಿದ್ದರೆ ನಡುನೀರಿನಲ್ಲಿ ಹುಟ್ಟು ಬಿಟ್ಟ ಹಾಗೆ ಆಗುತ್ತಿತ್ತು.

ಪ್ಯಾಕೇಜ್ ಸರಿ ಮಾಡುವುದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಪ್ಯಾಕೇಜ್‌ಗಳನ್ನು ಕೂರಿಸುವ ಡಿಪಿಕೆಜಿ ಕಮಾಂಡಿಗೆ ಕಾನ್ಫಿಗರ್ ಮತ್ತು ಎ ಅಂತ ಕೊಟ್ಟರೆ ಅರ್ಧಕ್ಕೆ ನಿಂತವನ್ನೆಲ್ಲ ಒಂದೊಂದಾಗಿ ಕೂರಿಸುತ್ತದೆ. ಕೆಲವು ಹಟ ಮಾಡಿದವು. ಆಪ್ಟ್‌ಗೆ ಫಿಕ್ಸ್ ಬ್ರೋಕನ್ ಹೇಳಿದ ಮೇಲೆ ಅವೂ ಕೂತವು. ಮೊದಲ ಹಂತ ಮುಗಿಯಿತು.

ಎರಡನೇ ಹಂತಕ್ಕೆ ನೆಟ್ ಬೇಕು. ನೆಟ್ ಇರಲಿಲ್ಲ. ಈ ಸಲ ಹತ್ತಿರದಿಂದ ದೂರಕ್ಕೆ ಹೋದೆ. ಮೊದಲು ಮಷಿನ್‌ಗೆ ಅಡ್ರೆಸ್ ಇದೆಯಾ ನೋಡಿದೆ, ಇತ್ತು. ಮೂಲೆಯಲ್ಲಿರುವ ರೌಟರ್‌ಗೆ, ಅಂದರೆ 192.168.1.1ಕ್ಕೆ ಪಿಂಗ್ ಮಾಡಿ ಇದ್ದೀಯಾ ಅಂತ ಕೇಳಿದೆ, ಉತ್ತರ ಬಂತು. ಹೊರಗೆ ಇಂಟರ್ನೆಟ್ಟಿನಲ್ಲಿರುವ 1.1.1.1 ಅನ್ನುವ ಅಡ್ರೆಸ್‌ಗೆ ಮಾಡಿದೆ, ಅದೂ ಬಂತು. ಅಂದರೆ ಮಳೆಯೂ ಏನೂ ಮಾಡಿಲ್ಲ, ಫೈಬರ್‌ಗೂ ಏನೂ ಆಗಿಲ್ಲ. ಡೆಬಿಯನ್ ಸರ್ವರ್‌ಗೆ ಹೆಸರು ಹೇಳಿ ಪಿಂಗ್ ಮಾಡಿದರೆ ಮಾತ್ರ ಆ ಹೆಸರು ಗೊತ್ತಿಲ್ಲ ಅಂತು. ಹೆಸರು ಎಲ್ಲಿ ಕೇಳಬೇಕು ಅಂತ ಹೇಳುವ ಫೈಲ್ ರಿಸಾಲ್ವ್ ಕಾನ್ಫ್. ತೆಗೆದು ನೋಡಿದರೆ ಸೊನ್ನೆ ಬೈಟ್. ಸಂಜೆ ನಾನೇ ತಿದ್ದಿ ಸೇವ್ ಮಾಡಹೋದಾಗ ಎಡಿಟರ್ ಹಳೆಯದನ್ನು ಅಳಿಸಿತ್ತು, ಹೊಸತನ್ನು ಬರೆಯಲು ಜಾಗ ಸಿಕ್ಕಿರಲಿಲ್ಲ. ಪ್ರಿಂಟರ್‌ಗಾಗಿ ಈ ಮಷಿನ್‌ಗೆ ಸ್ಥಿರ ಅಡ್ರೆಸ್ ಕೊಟ್ಟಿರುವುದರಿಂದ ಆ ಫೈಲನ್ನು ತಾನಾಗಿ ತುಂಬುವವರು ಬೇರೆ ಯಾರೂ ಇಲ್ಲ. ನೇಮ್‌ಸರ್ವರ್ ಎಂದು ಬರೆದು ಮುಂದೆ ರೌಟರ್ ನಂಬರ್ ಹಾಕಿದೆ. ಒಂದೇ ಸಾಲು. ನೆಟ್ ಬಂತು.

ಫುಲ್ ಅಪ್‌ಗ್ರೇಡ್ ಓಡಲು ಬಿಟ್ಟು ಮೇಲೆ ಹೋದಾಗ ಹನ್ನೊಂದೂವರೆ. ಗ್ರಹಣ ನಡೆಯುತ್ತಿರಬೇಕು, ಮೋಡದಲ್ಲಿ ಏನೂ ಕಾಣಲಿಲ್ಲ. ಅತ್ತೆ ಎದ್ದೇ ಇದ್ದರು. "ಎಂತ ಆಯ್ತೇ ನಿನ್ನ ಮಷಿನ್‌ದು?" ಅಂದರು. ಫೈಲ್ ಎಲ್ಲಾ ಇದೆ ಅತ್ತೆ ಅಂದೆ. ಗಂಟಲು ಕಟ್ಟಿತ್ತು.

ಒಂದೂವರೆ ಹೊತ್ತಿಗೆ ಟ್ರಿಕ್ಸಿ ಎದ್ದಿತು. ಚೌಕಗಳು ಹೋಗಿ ಫೈಲ್ ಹೆಸರುಗಳು ಕನ್ನಡದಲ್ಲಿ ಕಂಡವು. ಲಿಬ್ರೆ ಆಫೀಸ್ 7.4 ಇದ್ದದ್ದು 25.2 ಆಗಿದೆ. ಮಾಷ್ಟ್ರ ಪುಸ್ತಕ ತೆರೆದು ಪುಟ ನೋಡಿದೆ. 212 ಪುಟ ಇದ್ದದ್ದು 212 ಇದೆ. ಒತ್ತಕ್ಷರ ಯಾವುದೂ ಜಾರಿಲ್ಲ. ಅದನ್ನು ನೋಡಿಯೇ ಮಲಗಿದೆ.

ಮರುದಿನ ಎಫ್‌ಎಸ್‌ಟ್ಯಾಬ್‌ನಲ್ಲಿ ಚೀಟಿಯಲ್ಲಿದ್ದ ಹೊಸ ಸಂಖ್ಯೆ ಬರೆದೆ. ನೋಫೇಲ್ ತೆಗೆಯಲಿಲ್ಲ, ನಮ್ಮ ಸಿಡಿಲಿನ ಊರಿಗೆ ಅದು ಬೇಕು. ಬದಲಿಗೆ ಬ್ಯಾಕಪ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಕಮಾಂಡ್ ಸೇರಿಸಿದೆ. ಡಿಸ್ಕ್ ನಿಜವಾಗಿ ಜೋಡಣೆಯಾಗಿಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ಪರದೆ ಮೇಲೆ ದೊಡ್ಡದಾಗಿ ಹೇಳುತ್ತದೆ. ಇನ್ನೊಂದು ಭದ್ರತೆಗೆ, ಡಿಸ್ಕ್ ಬಿಡಿಸಿಟ್ಟು, ಆ ಖಾಲಿ ಬ್ಯಾಕಪ್ ಫೋಲ್ಡರ್‌ಗೆ ಸಿಎಚ್‌ಎಟಿಟಿಆರ್ ಕಮಾಂಡ್‌ನಿಂದ ಬೀಗ ಹಾಕಿದೆ. ಪ್ಲಸ್ ಐ ಅಂತ ಕೊಟ್ಟರೆ ಅದರೊಳಗೆ ಸಿಸ್ಟಂನ ಯಜಮಾನನಾದ ರೂಟ್ ಕೂಡ ಏನನ್ನೂ ಬರೆಯಲಾರ. ಮೇಲೆ ಡಿಸ್ಕ್ ಜೋಡಣೆಯಾದರೆ ಈ ಬೀಗ ಅಡ್ಡ ಬರುವುದಿಲ್ಲ. ಲಾಗ್‌ನಲ್ಲಿ ಈಗ "ಮುಗಿಯಿತು" ಜೊತೆ ಡಿಎಫ್ ಲೆಕ್ಕವೂ ಬರುತ್ತದೆ, ಎರಡೂ ಡಿಸ್ಕಿನದ್ದು. ತಿಂಗಳ ಒಂದನೇ ತಾರೀಕು ಹೊರಗಿನ ಡಿಸ್ಕನ್ನು ಇನ್ನೊಂದು ಮಷಿನ್‌ಗೆ ಚುಚ್ಚಿ ಕಣ್ಣಿಗೆ ಬಿದ್ದ ಮೂರು ಫೈಲ್ ತೆರೆದು ಓದುತ್ತೇನೆ. ಇನ್ನೊಂದು ಡಿಸ್ಕ್ ಕೊಂಡಿದ್ದೇನೆ. ಅದು ವಾರಕ್ಕೊಮ್ಮೆ ಅಂಗಡಿಗೆ ಬಂದು ನಕಲು ತೆಗೆದುಕೊಂಡು ಶಿವಮೊಗ್ಗದಲ್ಲಿ ಕೆಲಸ ಮಾಡುವ ತಮ್ಮನ ಜೊತೆ ವಾಪಸ್ ಹೋಗುತ್ತದೆ.

ಆ ಬುಧವಾರ ಮಾಷ್ಟ್ರು ಎಂದಿನಂತೆ ಬಂದರು. ನಡೆದದ್ದನ್ನೆಲ್ಲ ಹೇಳಿದೆ. ಮುಚ್ಚಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಹುಣಸೆಮರದ ವಿಷಯ ಉಂಟಲ್ಲ ತಂಗಿ, ಅದು ಇದ್ಯಾ?"

ಏಳನೇ ಅಧ್ಯಾಯದಲ್ಲಿದೆ ಅದು. ಹಾಳೆಯಲ್ಲಿಲ್ಲದೆ ಬಾಯಲ್ಲಿ ಹೇಳಿ ಬರೆಸಿದ್ದು. ತೆರೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ನಾನು ಅವರಿಗಂತಲೇ ತಂದಿಟ್ಟಿದ್ದ ಪೆನ್ ಡ್ರೈವ್‌ಗೆ ಇಡೀ ಪುಸ್ತಕ ಹಾಕಿ, ಅದರಿಂದಲೇ ಮತ್ತೆ ತೆರೆದು ತೋರಿಸಿ ಕೈಗೆ ಕೊಟ್ಟೆ. ಹಾಳೆಗಳ ಪ್ಲಾಸ್ಟಿಕ್ ಕವರ್‌ನೊಳಗೆ ಹಾಕಿ, ಬಾಯಿ ಮಡಚಿ, ರಬ್ಬರ್ ಬ್ಯಾಂಡ್ ಸುತ್ತಿದರು. ಮತ್ತೆ ಕುರ್ಚಿ ಹತ್ತಿರ ಎಳೆದುಕೊಂಡು, "ಅಲ್ಲಿ ಇನ್ನೊಂದು ಸಾಲು ಸೇರಿಸು. ಆ ಮರದ ಬುಡದಲ್ಲಿ ಒಂದು ಕಲ್ಲಿನ ದೋಣಿ ಇತ್ತು, ದನಕ್ಕೆ ನೀರು ಕುಡಿಸೋದು" ಅಂದರು.